ಹೆಲೆನ್ ಕೆಲ್ಲರ್ ಸಮಾಜವಾದಿ ಆಗಿದ್ದರಂತೆ, ನಮಗ್ಯಾಕೆ ಯಾರೂ ಹೇಳಲಿಲ್ಲ?

ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ನಿಜವಾ, ಸುಮ್ನೆ ಯಾರೋ ಹಬ್ಬಿಸಿದ್ದಾ ಅಂತ. ನಿಜ, ಅವರೇ ಬರೆದುಕೊಂಡಿದ್ದಾರೆ.

ಶಾಲೆಯಲ್ಲಿ ಓದಿದ ಕಥೆ ಎಲ್ಲರಿಗೂ ನೆನಪಿದೆ. 1887, ಅಮೆರಿಕದ ಅಲಬಾಮಾ. ಕಣ್ಣು ಕಾಣದ, ಕಿವಿ ಕೇಳದ ಹುಡುಗಿಯ ಒಂದು ಕೈಮೇಲೆ ಪಂಪಿನ ನೀರು ಸುರಿಯುತ್ತಿದೆ, ಇನ್ನೊಂದು ಅಂಗೈ ಮೇಲೆ ಟೀಚರ್ ಆನ್ ಸಲಿವನ್ 'ವಾಟರ್' ಅಂತ ಬೆರಳಲ್ಲಿ ಬರೆಯುತ್ತಿದ್ದಾರೆ. ಹುಡುಗಿಗೆ ಆಗ ಏಳು ತುಂಬಿರಲಿಲ್ಲ. ಆ ಹುಡುಗಿ, ಅಂದರೆ ಹೆಲೆನ್, ತೀರಿಕೊಂಡಿದ್ದು 1968ರಲ್ಲಿ. ನಡುವಿನ 80 ವರ್ಷ ಏನು ಮಾಡಿದರು?

1909ರಲ್ಲಿ ಸಮಾಜವಾದಿ ಪಕ್ಷ ಸೇರಿದರು. ಹೆಂಗಸರ ಮತದ ಹಕ್ಕಿಗಾಗಿ, ಕಾರ್ಮಿಕರ ಮುಷ್ಕರಗಳ ಪರವಾಗಿ ಬರೆದರು. 1916ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಿಂತು, ಯುದ್ಧದ ವಿರುದ್ಧ ಮುಷ್ಕರ ಹೂಡಿ ಎಂದು ಕಾರ್ಮಿಕರಿಗೆ ಕರೆ ಕೊಟ್ಟರು.

ಇದೆಲ್ಲ ಅಂಧರಿಗಾಗಿ ಅವರು ಮಾಡಿದ ಕೆಲಸಕ್ಕಿಂತ ಬೇರೆ ಅಂದುಕೊಳ್ಳಬೇಡಿ. ಜನ ಯಾಕೆ ಕಣ್ಣು ಕಳೆದುಕೊಳ್ಳುತ್ತಾರೆ ಎಂದು ಹುಡುಕುತ್ತಾ ಹೋದಾಗ ಅವರಿಗೆ ಸಿಕ್ಕಿದ್ದು ಕಾರ್ಖಾನೆಯ ಅಪಘಾತಗಳು, ಬಡತನ, ಹುಟ್ಟಿದ ಕೂಡಲೇ ಔಷಧಿಯ ಹನಿ ಹಾಕಿದ್ದರೆ ಉಳಿಯುತ್ತಿದ್ದ ಹಸುಗೂಸುಗಳ ಕಣ್ಣು. ಇದನ್ನು ಬರೀ ಹಣೆಬರಹ ಅನ್ನುವುದಕ್ಕೆ ಅವರು ಒಪ್ಪಲಿಲ್ಲ. ನನಗೆ ಅವರು ದೊಡ್ಡವರಾಗಿ ಕಾಣುವುದು ಇಲ್ಲೇ.

ಪತ್ರಿಕೆಗಳು ಏನು ಮಾಡಿದವು? ಮೊದಲು ಹಂಗಿಸಿದವು. ಹಿಂದೆ ಅವರನ್ನು ಬಾಯ್ತುಂಬಾ ಹೊಗಳಿದ್ದ 'ಬ್ರೂಕ್ಲಿನ್ ಈಗಲ್' ಸಂಪಾದಕರು, ಸಮಾಜವಾದದ ವಿಷಯ ಗೊತ್ತಾದ ಮೇಲೆ, ಆಕೆಯ ತಪ್ಪುಗಳಿಗೆ ಆಕೆಯ ಅಂಗವೈಕಲ್ಯವೇ ಕಾರಣ ಎಂಬರ್ಥದಲ್ಲಿ ಬರೆದರು. 1912ರಲ್ಲಿ ಹೆಲೆನ್ ತಿರುಗಿ ಕೊಟ್ಟ ಉತ್ತರ ನೇರವಾಗಿತ್ತು: ಸಮಾಜದ ವಿಷಯದಲ್ಲಿ ಕುರುಡು, ಕಿವುಡು ಆಗಿರುವುದು ಆ ಪತ್ರಿಕೆಯೇ!

1924ರ ಒಂದು ಪತ್ರದಲ್ಲಂತೂ ಅವರು ಇಡೀ ಆಟವನ್ನೇ ಬಿಡಿಸಿಟ್ಟಿದ್ದಾರೆ. ನಾನು ಅಂಧರ ಸೇವೆ ಮಾಡಿಕೊಂಡಿರುವವರೆಗೂ ಪವಾಡ, ಅದ್ಭುತ ಮಹಿಳೆ ಎಂದು ಹೊಗಳುತ್ತಾರೆ, ಆದರೆ ಬಡತನಕ್ಕೆ ಈ ಆರ್ಥಿಕ ವ್ಯವಸ್ಥೆಯೇ ಕಾರಣ ಅಂದರೆ ವಿಷಯ ಬೇರೆಯಾಗುತ್ತದೆ, ಎಂಬುದು ಅದರ ಸಾರ.

ಹಂಗಿಸುವುದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಆಮೇಲಿನ ಮೌನ. ಯಾರೂ ಸುಳ್ಳು ಬರೆಯಬೇಕಾಗಲಿಲ್ಲ. ಪಂಪಿನ ಕಥೆ ನಿಜವೇ ತಾನೆ? ಅದನ್ನೇ ಮತ್ತೆ ಮತ್ತೆ ಹೇಳಿದರೆ ಸಾಕಿತ್ತು. ಕಷ್ಟಪಟ್ಟರೆ ಯಾರು ಬೇಕಾದರೂ ಗೆಲ್ಲಬಹುದು ಅನ್ನುವ ಕಥೆಯಿಂದ ಯಾವ ಕಾರ್ಖಾನೆ ಮಾಲೀಕನಿಗೂ ತೊಂದರೆ ಇಲ್ಲ. ಪೂರ್ತಿ ತಪ್ಪು ಪತ್ರಿಕೆಗಳದ್ದೇ ಅಂತಲೂ ಹೇಳಲಾರೆ. 1924ರಿಂದ ಅವರು ಅಂಧರ ಸಂಸ್ಥೆಯೊಂದಕ್ಕೆ ದೇಣಿಗೆ ಎತ್ತುವ ಕೆಲಸಕ್ಕೆ ನಿಂತರು. ದುಡ್ಡಿದ್ದವರ ಹತ್ತಿರ ಕೈಚಾಚಬೇಕಾದಾಗ ಎಲ್ಲ ಮಾತನ್ನೂ ಆಡುವುದು ಕಷ್ಟ. 2009ರಲ್ಲಿ ಅಮೆರಿಕದ ಸಂಸತ್ ಭವನದಲ್ಲಿ ಅವರ ಪ್ರತಿಮೆ ಇಟ್ಟರು. ಅಲ್ಲಿರುವುದೂ ಪಂಪಿನ ಮುಂದೆ ನಿಂತ ಪುಟ್ಟ ಹುಡುಗಿಯೇ.

ಒಂದು ಮಾತು ಮುಚ್ಚಿಡಬಾರದು. 1915ರಲ್ಲಿ, ತೀವ್ರ ವೈಕಲ್ಯವಿದ್ದ ಶಿಶುವನ್ನು ಉಳಿಸದೆ ಸಾಯಲು ಬಿಟ್ಟ ವೈದ್ಯರೊಬ್ಬರನ್ನು ಹೆಲೆನ್ ಸಮರ್ಥಿಸಿ ಬರೆದರು. ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಹೈಸ್ಕೂಲ್ ಮಕ್ಕಳಿಗೆ ಅವರ ಸಮಾಜವಾದದ ಜೊತೆ ಇದನ್ನೂ ಹೇಳಿ ಅಂತಲೇ ನಾನು ಕೇಳುವುದು.