ಹಗುರ ಫಿರಂಗಿಯ ದಂಡನಾಯಕ: ಲೆನ್ನಾರ್ಟ್ ಟೋರ್ಸ್ಟೆನ್‌ಸನ್

17ನೆಯ ಶತಮಾನದ ಆರಂಭದವರೆಗೂ ಯುರೋಪಿನ ರಣರಂಗದಲ್ಲಿ ಫಿರಂಗಿ ಒಮ್ಮೆ ನಿಲ್ಲಿಸಿದ ಜಾಗದಿಂದ ಹೆಚ್ಚಾಗಿ ಕದಲುತ್ತಿರಲಿಲ್ಲ. ಸಾಲು ಸಾಲು ಕುದುರೆಗಳು ಎಳೆದು ತಂದ ಭಾರಿ ತೋಪನ್ನು ದಿಬ್ಬದ ಮೇಲೆ ಇಟ್ಟರೆ, ಕಾಲಾಳುಗಳು ಮುಂದೆ ನುಗ್ಗಿದರೂ ಹಿಂದೆ ಸರಿದರೂ ಅದು ಅಲ್ಲಿಯೇ ಉಳಿಯುತ್ತಿತ್ತು. ಸೋತವರ ತೋಪುಗಳೆಲ್ಲ ಗೆದ್ದವರ ಪಾಲಾಗುತ್ತಿದ್ದುದಕ್ಕೂ ಇದೇ ಕಾರಣ. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಸ್ವೀಡನ್ನಿನ ಲೆನ್ನಾರ್ಟ್ ಟೋರ್ಸ್ಟೆನ್‌ಸನ್ ಪ್ರಮುಖ. ಅವನ ಗೆಲುವುಗಳು ಮಾತ್ರವಲ್ಲ, ಅವನ ಅತಿ ದೊಡ್ಡ ವೈಫಲ್ಯವೂ ಫಿರಂಗಿಯ ಮೂಲಕವೇ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

1603ರ ಆಗಸ್ಟ್‌ನಲ್ಲಿ ವೆಸ್ಟರ್‌ಯೋಟ್ಲಾಂಡ್ ಪ್ರಾಂತದ ಫೋರ್ಸ್ಟೆನಾದಲ್ಲಿ ಹುಟ್ಟಿದ ಟೋರ್ಸ್ಟೆನ್‌ಸನ್‌ಗೆ ಮನೆತನದ ಬಲ ಸಿಗಲಿಲ್ಲ. ಪದಚ್ಯುತ ರಾಜ ಸಿಗಿಸ್ಮಂಡನ ಪಕ್ಷ ವಹಿಸಿದ ತಂದೆತಾಯಿ ದೇಶ ಬಿಟ್ಟು ಹೋಗಿದ್ದರು. ಆದರೂ ಹದಿನೈದರ ಪ್ರಾಯದಲ್ಲಿ ಅವನು ರಾಜ ಗುಸ್ತಾವ್ ಅಡಾಲ್ಫ್‌ನ ಆಪ್ತ ಪರಿಚಾರಕನಾಗಿ ಸೇರಿದ. ಲಿವೋನಿಯಾ ಮತ್ತು ಪ್ರಷ್ಯಾದ ದಂಡಯಾತ್ರೆಗಳಲ್ಲಿ ರಾಜನ ಜೊತೆಗಿದ್ದು ಯುದ್ಧ ಕಲಿತ. ಆ ದಿನಗಳಲ್ಲಿ ರಾಜನ ತಲೆಯಲ್ಲಿದ್ದುದು ಫಿರಂಗಿಯ ತೂಕದ ಸಮಸ್ಯೆ. ತಾಮ್ರದ ಕೊಳವೆಗೆ ಹಗ್ಗ ಸುತ್ತಿ ತೊಗಲು ಹೊದಿಸಿದ ತೋಪುಗಳು ಬೇಗ ಬಿಸಿಯೇರಿ ಕೆಡುತ್ತಿದ್ದುದರಿಂದ, ಅವುಗಳ ಬದಲಿಗೆ ಮೂರು ಪೌಂಡ್ ತೂಕದ ಗುಂಡು ಹಾರಿಸುವ ಗಿಡ್ಡ ಫಿರಂಗಿ ಬಂತು. ಇದನ್ನು ಎಳೆಯಲು ಒಂದು ಕುದುರೆ ಸಾಕಾಗಿತ್ತು. ಕುದುರೆ ಸತ್ತರೆ ಕೆಲವು ಸೈನಿಕರೇ ತಳ್ಳಿಕೊಂಡು ಹೋಗಬಹುದಾಗಿತ್ತು. ಗುಂಡನ್ನೂ ಮದ್ದನ್ನೂ ಮೊದಲೇ ಒಂದಾಗಿ ಕಟ್ಟಿ ಇಡುತ್ತಿದ್ದುದರಿಂದ ತುಂಬುವ ಕೆಲಸವೂ ಬೇಗ ಮುಗಿಯುತ್ತಿತ್ತು. 1630ರಲ್ಲಿ ಸ್ವೀಡಿಷ್ ಸೇನೆ ಜರ್ಮನಿಗೆ ಇಳಿದಾಗ ಫಿರಂಗಿ ದಳದ ಮುಖ್ಯಸ್ಥನಾಗಿದ್ದವನು ಇನ್ನೂ ಮೂವತ್ತು ತುಂಬದ ಟೋರ್ಸ್ಟೆನ್‌ಸನ್.

1631ರ ಸೆಪ್ಟೆಂಬರ್‌ನಲ್ಲಿ ಬ್ರೈಟೆನ್‌ಫೆಲ್ಡ್‌ನಲ್ಲಿ, 1632ರ ಏಪ್ರಿಲ್‌ನಲ್ಲಿ ಲೆಕ್ ನದಿಯ ದಾಟುವಿಕೆಯಲ್ಲಿ ಈ ದಳ ತನ್ನ ಬೆಲೆ ತೋರಿಸಿತು. ಲೆಕ್‌ನಲ್ಲಿ ಎದುರಾಳಿಯಾದ ಪವಿತ್ರ ರೋಮನ್ ಚಕ್ರವರ್ತಿಯ ಪಕ್ಷದ ದಂಡನಾಯಕ ಟಿಲ್ಲಿಯೇ ಮಾರಣಾಂತಿಕವಾಗಿ ಗಾಯಗೊಂಡ. ಆದರೆ ಅದೇ ವರ್ಷ ನ್ಯೂರೆಂಬರ್ಗ್ ಬಳಿಯ ಆಲ್ಟೆ ವೆಸ್ಟೆ ಕದನದಲ್ಲಿ ಟೋರ್ಸ್ಟೆನ್‌ಸನ್ ಸೆರೆಸಿಕ್ಕಿ, ಇಂಗೊಲ್‌ಸ್ಟಾಟ್ ಕೋಟೆಯ ತೇವ ತುಂಬಿದ ಕೋಣೆಯಲ್ಲಿ ಸುಮಾರು ಒಂದು ವರ್ಷ ಕಳೆದ. ಅವನು ಒಳಗಿದ್ದಾಗಲೇ ರಾಜ ಲ್ಯೂಟ್ಸೆನ್‌ನಲ್ಲಿ ಮಡಿದ. ಕೈದಿಗಳ ವಿನಿಮಯದಲ್ಲಿ ಹೊರಬಂದವನ ಆರೋಗ್ಯ ಮತ್ತೆ ಮೊದಲಿನಂತಾಗಲಿಲ್ಲ. ಗೌಟ್ ರೋಗ ಕೀಲು ಕೀಲನ್ನೂ ಹಿಡಿದು, ಅದು ಉಲ್ಬಣಿಸಿದಾಗಲೆಲ್ಲ ಅವನು ಪಲ್ಲಕ್ಕಿಯಲ್ಲಿ ಮಲಗಿಯೇ ಸೇನೆ ನಡೆಸಬೇಕಾಯಿತು.

ಮುಂದಿನ ವರ್ಷಗಳಲ್ಲಿ ಅವನು ಸ್ವೀಡಿಷ್ ದಂಡನಾಯಕ ಯೋಹಾನ್ ಬನೇರ್‌ನ ಕೈಕೆಳಗೆ ದುಡಿದ. 1641ರ ಮೇ ತಿಂಗಳಲ್ಲಿ ಬನೇರ್ ತೀರಿಕೊಂಡಾಗ, ಸಂಬಳ ಸಿಗದ ಸೇನೆ ದಂಗೆಯ ಅಂಚಿಗೆ ಬಂದಿತ್ತು. ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿದ್ದ ಟೋರ್ಸ್ಟೆನ್‌ಸನ್‌ನನ್ನೇ ಫೀಲ್ಡ್ ಮಾರ್ಷಲ್ ಮಾಡಿ ಕಳಿಸಲಾಯಿತು. ಸುಮಾರು 7,000 ಹೊಸ ಸೈನಿಕರನ್ನೂ ಹಣವನ್ನೂ ತಂದ ಅವನು ಶಿಸ್ತನ್ನು ಕಠೋರವಾಗಿಯೇ ಹೇರಿದ. 1642ರಲ್ಲಿ ಸೈಲೀಷ್ಯಾದ ಮೂಲಕ ಮೊರಾವಿಯಾಕ್ಕೆ ನುಗ್ಗಿ ಓಲೊಮೌಟ್ಸ್ ನಗರವನ್ನು ಹಿಡಿದ. ಅದೇ ನವೆಂಬರ್ 2ರಂದು ಹಳೆಯ ಬ್ರೈಟೆನ್‌ಫೆಲ್ಡ್ ಬಯಲಿನಲ್ಲಿ ಚಕ್ರವರ್ತಿಯ ಪಕ್ಷದ ಆರ್ಚ್‌ಡ್ಯೂಕ್ ಲಿಯೊಪೋಲ್ಡ್ ವಿಲ್‌ಹೆಲ್ಮ್‌ನ ಸೇನೆಯನ್ನು ಸೋಲಿಸಿ ಅದರ 46 ಫಿರಂಗಿಗಳನ್ನು ವಶಪಡಿಸಿಕೊಂಡ. (ಸ್ವೀಡನ್ನರು ಆಗಿನ್ನೂ ಹಳೆಯ ಪಂಚಾಂಗವನ್ನೇ ಬಳಸುತ್ತಿದ್ದುದರಿಂದ ಅವರ ದಾಖಲೆಗಳಲ್ಲಿ ಈ ದಿನಾಂಕಗಳು ಹತ್ತು ದಿನ ಹಿಂದಿರುತ್ತವೆ.) 1643ರ ಕೊನೆಗೆ ಸ್ಟಾಕ್‌ಹೋಮ್‌ನ ಆಜ್ಞೆಯಂತೆ ಉತ್ತರಕ್ಕೆ ತಿರುಗಿ, ಯುದ್ಧ ಘೋಷಣೆಗೂ ಮುನ್ನವೇ ಡೆನ್ಮಾರ್ಕ್ ರಾಜನ ಹೋಲ್‌ಸ್ಟೈನ್‌ಗೆ ನುಗ್ಗಿದ. ಈ ಯುದ್ಧಕ್ಕೆ ಅವನ ಹೆಸರೇ ಉಳಿದಿದೆ.

ಅವನ ಕಸುಬು ಪೂರ್ಣವಾಗಿ ಕಾಣುವುದು ಬೊಹೀಮಿಯಾದ ಯಾಂಕೊವ್‌ನಲ್ಲಿ, 1645ರ ಮಾರ್ಚ್ 6ರಂದು. ಎರಡೂ ಕಡೆ ಸುಮಾರು 16,000 ಜನರಿದ್ದರು. ನೆಲವೋ ಗುಡ್ಡ, ಕಾಡು, ಕೆರೆಗಳಿಂದ ತುಂಬಿತ್ತು. ಫಿರಂಗಿಗಳಿಗೆ ಇಷ್ಟು ಒಗ್ಗದ ಜಾಗ ಇನ್ನೊಂದಿಲ್ಲ ಎನ್ನಬೇಕು. ಚಕ್ರವರ್ತಿಯ ಪಕ್ಷದ ಸೇನಾನಿ ಗೋಟ್ಸ್ ತನ್ನ ದಳವನ್ನು ಕಾಡಿನ ಇಕ್ಕಟ್ಟಿಗೆ ತಂದು ಸಿಕ್ಕಿಬಿದ್ದು ಸತ್ತ. ಮಧ್ಯಾಹ್ನ ಕದನ ಮತ್ತೆ ಹೊತ್ತಿಕೊಂಡಾಗ ಟೋರ್ಸ್ಟೆನ್‌ಸನ್ ತನ್ನ ಫಿರಂಗಿಗಳನ್ನು ದಿಬ್ಬದಿಂದ ದಿಬ್ಬಕ್ಕೆ ಸಾಗಿಸುತ್ತ, ಎದುರಾಳಿ ನಿಂತಲ್ಲೆಲ್ಲ ಗುಂಡು ಸುರಿಸಿದ. ಶತ್ರು ರಾವುತರ ಒಂದು ಗುಂಪು ಸ್ವೀಡಿಷರ ಸರಂಜಾಮಿನ ಗಾಡಿಗಳ ಮೇಲೆ ಬಿದ್ದು ಅವನ ಹೆಂಡತಿ ಬೆಯಾಟಾಳನ್ನೇ ಹಿಡಿಯಿತು. ಆದರೆ ಲೂಟಿಯಲ್ಲಿ ಮೈಮರೆತ ಅವರು ಹೊಡೆತ ತಿಂದು ಓಡಬೇಕಾಯಿತು, ಆಕೆ ಬಿಡುಗಡೆಯಾದಳು. ದಿನದ ಕೊನೆಗೆ ಎದುರಾಳಿಗಳ ಮುಖ್ಯ ದಂಡನಾಯಕ ಹಾಟ್ಸ್‌ಫೆಲ್ಟ್ ಸೆರೆಯಾಗಿದ್ದ, ಚಕ್ರವರ್ತಿಯ ರಾಜಧಾನಿ ವಿಯೆನ್ನಾದ ದಾರಿ ತೆರೆದಿತ್ತು.

ಆದರೆ ವಿಯೆನ್ನಾಗೆ ಲಗ್ಗೆ ಹಾಕುವಷ್ಟು ಬಲ ಅವನಲ್ಲಿರಲಿಲ್ಲ. ಮೇ ಆರಂಭದಲ್ಲಿ ಅವನು ಮೊರಾವಿಯಾದ ಬ್ರನೋ ನಗರವನ್ನು ಮುತ್ತಿದ. ಒಳಗಿದ್ದುದು ವಿದ್ಯಾರ್ಥಿಗಳೂ ಸೇರಿ ಸುಮಾರು 1,500 ಕಾವಲುಗಾರರು. ಹೊರಗಿದ್ದವರು ಅದರ ಹಲವು ಪಟ್ಟು. ಕೋಟೆಯ ನಾಯಕ ರಾದುಯಿ ದ ಸೂಶ್ ಹಿಂದೆ ಸ್ವೀಡಿಷ್ ಸೇನೆಯಲ್ಲೇ ಇದ್ದು ಬಿಟ್ಟು ಬಂದವನಾದ್ದರಿಂದ, ಶರಣಾದರೆ ತನಗೆ ಉಳಿಗಾಲವಿಲ್ಲವೆಂದು ಅರಿತಿದ್ದ. ಬಯಲಿನಲ್ಲಿ ಗೆಲ್ಲಿಸುವ ಹಗುರ ಫಿರಂಗಿ ಕಲ್ಲಿನ ಗೋಡೆಯನ್ನು ಕೆಡವಲಾರದು. ಅದಕ್ಕೆ ಭಾರಿ ತೋಪು, ಸುರಂಗ, ಎಲ್ಲಕ್ಕಿಂತ ಹೆಚ್ಚಾಗಿ ಕಾಲ ಬೇಕು. ಸ್ವೀಡಿಷರು ಸುರಂಗ ತೋಡಿದರೆ ಒಳಗಿನವರು ಎದುರು ಸುರಂಗ ತೋಡಿದರು. ಪಾಳೆಯದಲ್ಲಿ ರೋಗ ಹಬ್ಬಿತು, ಸ್ವೀಡನ್ನಿನ ಮಿತ್ರನಾಗಿದ್ದ ಟ್ರಾನ್ಸಿಲ್ವೇನಿಯಾದ ಅರಸ ರಾಕೋಟ್ಸಿ ಚಕ್ರವರ್ತಿಯೊಂದಿಗೆ ರಾಜಿಗೆ ಹೊರಟ. ಆಗಸ್ಟ್ 23ರಂದು ಮುತ್ತಿಗೆ ತೆರವಾಯಿತು. ಮಧ್ಯಾಹ್ನದ ಗಂಟೆ ಬಾರಿಸುವುದರೊಳಗೆ ಊರು ಬೀಳದಿದ್ದರೆ ಹಿಂದೆ ಸರಿಯುವುದಾಗಿ ಅವನು ಹೇಳಿದ್ದನೆಂದೂ, ಊರವರು ಹನ್ನೊಂದಕ್ಕೇ ಗಂಟೆ ಬಾರಿಸಿ ಉಳಿದರೆಂದೂ ಐತಿಹ್ಯವಿದೆ. ಪೆಟ್ರೊವ್ ಗುಡ್ಡದ ಚರ್ಚಿನಲ್ಲಿ ಇಂದಿಗೂ ಹನ್ನೆರಡರ ಗಂಟೆ ಹನ್ನೊಂದಕ್ಕೇ ಹೊಡೆಯುತ್ತದೆ. ಆದರೆ ಊರನ್ನು ಉಳಿಸಿದ ಶ್ರೇಯಸ್ಸು ಸಲ್ಲಬೇಕಾದದ್ದು ಮೂರೂವರೆ ತಿಂಗಳು ಗೋಡೆ ಕಾದವರಿಗೆ.

ವರ್ಷಾಂತ್ಯದಲ್ಲಿ ದೇಹ ಪೂರಾ ಸೋತು, ಟೋರ್ಸ್ಟೆನ್‌ಸನ್ ಅಧಿಕಾರವನ್ನು ಸ್ವೀಡಿಷ್ ಸೇನಾನಿ ರಾಂಗೆಲ್‌ಗೆ ಒಪ್ಪಿಸಿದ. 1647ರಲ್ಲಿ ರಾಣಿ ಕ್ರಿಸ್ಟೀನಾ ಅವನಿಗೆ ಕೌಂಟ್ ಪದವಿ ಕೊಟ್ಟಳು. 1651ರ ಏಪ್ರಿಲ್ 7ರಂದು (ಇದು ಹಳೆಯ ಪಂಚಾಂಗದ ದಿನಾಂಕ) ಸ್ಟಾಕ್‌ಹೋಮ್‌ನಲ್ಲಿ ಅವನು ತೀರಿಕೊಂಡ. ಅವನು ಹಿಡಿದಿದ್ದ ಓಲೊಮೌಟ್ಸ್‌ನಿಂದ ಸ್ವೀಡಿಷ್ ಕಾವಲುಪಡೆ ಹೊರಟದ್ದು ಅದರ ಹಿಂದಿನ ವರ್ಷವಷ್ಟೇ. ಸ್ವೀಡಿಷರ ಹಿಡಿತದ ಎಂಟು ವರ್ಷಗಳಲ್ಲಿ ಆ ನಗರದ ಬಹುಪಾಲು ಜನ ಇಲ್ಲವಾಗಿದ್ದರು, ಮೊರಾವಿಯಾದ ಆಡಳಿತ ಬ್ರನೋಗೆ ಹೋಗಿತ್ತು.