ಸಾಲಿಡ್ ಸರ್ಫೇಸ್ ಕಟ್ಟೆ ಮತ್ತು ಸಿಂಕ್: ಗಂಜಿ ಬಸಿಯುವ ಮನೆಗಳಿಗಾಗಿ ಒಂದು ಅಧ್ಯಯನ ಟಿಪ್ಪಣಿ

ಕಳೆದ ಮಳೆಗಾಲದಲ್ಲಿ ನಮ್ಮ ಮೇಸ್ತ್ರಿಯವರ ಜೊತೆ ಕುಮಟಾ ಹತ್ತಿರದ ಒಂದು ಮನೆಗೆ ಹೋಗಿದ್ದೆ. ಸಿಂಕಿನ ಕೆಳಗಿನ ಕಪಾಟಿನಲ್ಲಿ ನೀರು ಜಿನುಗುತ್ತಿದೆ ಎಂದು ಕರೆ ಬಂದಿತ್ತು. ಅದಕ್ಕೂ ಮೊದಲು ಪ್ಲಂಬರ್ ಎರಡು ಬಾರಿ ಬಂದು ಪೈಪು ಬಿಗಿ ಮಾಡಿ ಹೋಗಿದ್ದರಂತೆ. ಮೇಸ್ತ್ರಿಯವರು ಪೈಪನ್ನು ಮುಟ್ಟಲಿಲ್ಲ. ಸಿಂಕನ್ನು ಒರೆಸಿ ಒಣಗಿಸಿದರು. ಬಟ್ಟೆಗೆ ಹಾಕುವ ನೀಲಿಯನ್ನು ಒಂದಿಷ್ಟು ನೀರಿನಲ್ಲಿ ಕದಡಿ, ನೀರು ಇಳಿಯುವ ತೂತಿನ ಸುತ್ತ ಸವರಿ, ಐದು ನಿಮಿಷ ಬಿಟ್ಟು ಒರೆಸಿದರು. ಬಿಳಿಯ ಮೈಮೇಲೆ ಕೂದಲೆಳೆಯಂತಹ ನಾಲ್ಕು ನೀಲಿ ಗೆರೆಗಳು ಉಳಿದವು. ನಾಲ್ಕೂ ತೂತಿನ ಅಂಚಿನಿಂದಲೇ ಹೊರಟಿದ್ದವು.

“ಅಕ್ಕಾ, ಅನ್ನ ಬಸಿಯುವುದು ಇಲ್ಲೇ ಅಲ್ಲವೇ?” ಎಂದು ಕೇಳಿದರು.

“ಮತ್ತೆಲ್ಲಿ ಬಸಿಯುವುದು?” ಎಂದರು ಆ ಮನೆಯವರು.

ಈ ವಿಷಯವನ್ನು ನನ್ನ ಜೊತೆ ಕಲಿಯುತ್ತಿರುವವರು ಆ ನಾಲ್ಕು ಗೆರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಬೇಕು ಎಂಬುದು ನನ್ನ ಕೋರಿಕೆ. ಆ ಸಿಂಕು ಸಾಲಿಡ್ ಸರ್ಫೇಸ್‌ನದು, ಅಂದರೆ ಖನಿಜದ ಪುಡಿಯನ್ನು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ರಾಳದಲ್ಲಿ ಬೆರೆಸಿ ಮಾಡಿದ, ಅಡುಗೆಮನೆಯ ಕಟ್ಟೆಗೂ ಸಿಂಕಿಗೂ ಬಳಸುವ ವಸ್ತುವಿನದು. ಅದು ಹಾಳಾಗುವ ವಸ್ತುವೇ ಹೌದು, ಆದರೆ ಹಾಳಾದ ಮೇಲೆ ಮತ್ತೆ ಹೊಸದರಂತೆ ಮಾಡಲು ಬರುವ ವಸ್ತು. ಹಾಗಾಗಿ ಅದರ ಬಾಳಿಕೆ ಎಂದರೆ ಬಹುಮಟ್ಟಿಗೆ ಸರಿಮಾಡಬಲ್ಲ ಕೈಯ ಬಾಳಿಕೆ. ನಮ್ಮ ಜಿಲ್ಲೆಯ ಮಾರುಕಟ್ಟೆಯ ತೊಡಕೂ ಅಲ್ಲೇ ಇದೆ.

ಒಳಗೂ ಹೊರಗೂ ಒಂದೇ

ಸಾಲಿಡ್ ಸರ್ಫೇಸ್‌ನ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಅಲ್ಯೂಮಿನಾ ಟ್ರೈಹೈಡ್ರೇಟ್, ಅಂದರೆ ಬಾಕ್ಸೈಟ್ ಅದಿರಿನಿಂದ ತೆಗೆದ ಬಿಳಿ ಪುಡಿ. ಉಳಿದದ್ದು ಅಕ್ರಿಲಿಕ್ ರಾಳ ಮತ್ತು ಬಣ್ಣ. ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಡೊನಾಲ್ಡ್ ಸ್ಲೋಕಮ್ 1967ರಲ್ಲಿ ಇದನ್ನು ರೂಪಿಸಿದರು, 1968ರಲ್ಲಿ ಪೇಟೆಂಟ್ ಸಿಕ್ಕಿತು. ಅವರ ಕಂಪನಿ ಇಟ್ಟ ಹೆಸರು ಕೋರಿಯನ್. ಪೇಟೆಂಟ್ ಅವಧಿ ಮುಗಿದ ಮೇಲೆ ದಕ್ಷಿಣ ಕೊರಿಯಾದ ಹೈಮ್ಯಾಕ್ಸ್, ಸ್ಟಾರಾನ್ ಮೊದಲಾದವು ಬಂದವು. ನಮ್ಮ ಅಂಗಡಿಗಳಲ್ಲಿ ಮಾತ್ರ ಯಾರು ತಯಾರಿಸಿದ ಶೀಟಾದರೂ ‘ಕೋರಿಯನ್’ ಎಂದೇ ಕರೆಯುತ್ತಾರೆ. ಈ ಅಭ್ಯಾಸದಿಂದ ಆಗುವ ತೊಂದರೆಯನ್ನು ಮುಂದೆ ಹೇಳುತ್ತೇನೆ.

ಲ್ಯಾಮಿನೇಟ್‌ನಲ್ಲಿ (ಹಲಗೆಯ ಮೇಲೆ ಅಂಟಿಸುವ ಹಾಳೆ) ಮೇಲಿನ ಒಂದು ತೆಳು ಪದರಕ್ಕೆ ಮಾತ್ರ ಬಣ್ಣ. ಸಾಲಿಡ್ ಸರ್ಫೇಸ್ ಬೆಲ್ಲದ ಅಚ್ಚಿನ ಹಾಗೆ, ಎಲ್ಲಿ ಕೊಯ್ದರೂ ಅದೇ ಬಣ್ಣ, ಅದೇ ಮೈ. ಗೀರು ಬಿದ್ದರೆ ಉಪ್ಪುಕಾಗದದಿಂದ ಉಜ್ಜಿ ತೆಗೆಯಲು ಸಾಧ್ಯವಾಗುವುದು ಇದರಿಂದಲೇ. ಎರಡು ತುಂಡುಗಳನ್ನು ಅದೇ ಬಣ್ಣದ ಅಕ್ರಿಲಿಕ್ ಅಂಟಿನಿಂದ ಬೆಸೆದು ಉಜ್ಜಿದರೆ ಜೋಡಣೆ ಕಣ್ಣಿಗೆ ಬೀಳುವುದಿಲ್ಲ. ಸಿಂಕನ್ನು ಕಟ್ಟೆಗೆ ಹೀಗೆಯೇ ಬೆಸೆಯುತ್ತಾರೆ. ಗ್ರಾನೈಟ್ ಕಟ್ಟೆಗೆ ಸ್ಟೀಲ್ ಸಿಂಕ್ ಕೂರಿಸಿದಾಗ ಅಂಚಿನಲ್ಲಿ ಕಪ್ಪು ಪಾಚಿ ಕಟ್ಟುತ್ತದಲ್ಲ, ನಾಲ್ಕು ತಿಂಗಳು ಗೋಡೆಯೇ ಬೆವರುವ ಕಾರವಾರದಂತಹ ಊರಿನಲ್ಲಿ ಅದನ್ನು ಕೆರೆಯುವುದು ಮನೆಯವರಿಗೆ ಎಷ್ಟು ಬೇಸರದ ಕೆಲಸವೆಂದು ಎಲ್ಲರಿಗೂ ಗೊತ್ತು. ಇಲ್ಲಿ ಆ ಸಂದೇ ಇರುವುದಿಲ್ಲ. ಮೈಯಲ್ಲಿ ಸೂಕ್ಷ್ಮ ರಂಧ್ರಗಳೂ ಇಲ್ಲ, ಆದ್ದರಿಂದ ನೀರು ಹೀರುವುದಿಲ್ಲ.

ತೂಕವೂ ಹಗುರ. 12 ಮಿಲಿಮೀಟರ್ ದಪ್ಪದ ಶೀಟ್ ಚದರ ಮೀಟರಿಗೆ ಸುಮಾರು 20 ಕಿಲೋ ತೂಗುತ್ತದೆ. 18 ಮಿಲಿಮೀಟರ್ ಗ್ರಾನೈಟ್ 48 ಕಿಲೋ ದಾಟುತ್ತದೆ.

ಬಿಸಿ

ಅತಿ ಮುಖ್ಯವಾದ ಭಾಗ ಇದು. ಅಕ್ರಿಲಿಕ್ ರಾಳ ಸುಮಾರು 105 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆದುವಾಗಲು ಆರಂಭಿಸುತ್ತದೆ. ಕಾರ್ಖಾನೆಯಲ್ಲಿ 160 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಶೀಟನ್ನು ಬೇಕಾದ ಹಾಗೆ ಬಗ್ಗಿಸುತ್ತಾರೆ. ಇನ್ನು ನಮ್ಮ ಅಡುಗೆಮನೆಯ ಲೆಕ್ಕ ನೋಡಿ: ಕುಕ್ಕರಿನ ಒಳಗೆ ಸುಮಾರು 120 ಡಿಗ್ರಿ, ತಳ ಅದಕ್ಕಿಂತ ಬಿಸಿ. ಸಾಸಿವೆ ಸಿಡಿದ ಒಗ್ಗರಣೆ ಸೌಟು ಇನ್ನೂ ಮೇಲೆ. ಸಾರಿಗೆ ಒಗ್ಗರಣೆ ಸುರಿದು ಸೌಟನ್ನು ಕಟ್ಟೆಯ ಮೇಲೆ ಹಾಗೇ ಇಡುವುದು ನಮ್ಮಲ್ಲಿ ಕೈಗೆ ಅಂಟಿದ ರೂಢಿ. ಗ್ರಾನೈಟ್ ಅದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಸಾಲಿಡ್ ಸರ್ಫೇಸ್‌ನಲ್ಲಿ ಅಲ್ಲೊಂದು ಮಸುಕು ಉಂಗುರ ಮೂಡುತ್ತದೆ. ಗುರುತು ಮೇಲುಮೇಲಿನದಾದರೆ ಉಜ್ಜಿ ತೆಗೆಯಬಹುದು, ಆಳಕ್ಕಿಳಿದಿದ್ದರೆ ತುಂಡು ಬದಲಿಸಬೇಕು.

ಗಂಜಿಯ ವಿಷಯ ಇನ್ನೂ ಸೂಕ್ಷ್ಮ. ಕುದಿಯುವ ಗಂಜಿ 100 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ, ಅದರಿಂದ ಸಿಂಕ್ ಕರಗುವುದೂ ಇಲ್ಲ. ಒಡೆಯುವುದು ಹಿಗ್ಗುವುದರಿಂದ. ಸಾಲಿಡ್ ಸರ್ಫೇಸ್ ಗ್ರಾನೈಟಿಗಿಂತ ನಾಲ್ಕು ಪಟ್ಟು, ಸ್ಟೀಲಿಗಿಂತ ಎರಡು ಪಟ್ಟು ಹಿಗ್ಗುತ್ತದೆ. ಅದರಲ್ಲಿ ಶಾಖ ಬೇಗ ಹರಡುವುದೂ ಇಲ್ಲ. ಬಸಿದಾಗ ತೂತಿನ ಸುತ್ತಲಿನ ಒಂದು ಅಂಗೈ ಅಗಲದ ಜಾಗ ಒಮ್ಮೆಲೇ ಕಾದು ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣಗಿನ ಭಾಗ ಬಿಡುವುದಿಲ್ಲ. ನಡುವೆ ಪ್ಲಂಬರ್ ಬಿಗಿದ ಲೋಹದ ಬಳೆ ಬೇರೆ. ಮೊದಲ ದಿನ ಏನೂ ಆಗುವುದಿಲ್ಲ. ಕುಚ್ಚಲಕ್ಕಿ ಅನ್ನ ಉಣ್ಣುವ ಮನೆಯಲ್ಲಿ ದಿನಕ್ಕೆ ಒಂದು ಬಾರಿ ಬಸಿದರೂ ವರ್ಷಕ್ಕೆ 365 ಸಲ ಈ ಎಳೆದಾಟ ನಡೆಯುತ್ತದೆ. ಕುಮಟಾದ ಸಿಂಕಿಗೆ ಎರಡೂವರೆ ವರ್ಷ ಆಗಿತ್ತು. ಪೈಪನ್ನು ಮತ್ತೆ ಮತ್ತೆ ಬಿಗಿ ಮಾಡಿದ್ದು ಬಿರುಕನ್ನು ಉದ್ದ ಮಾಡಿರಬೇಕು.

ಉಪಾಯ ಸರಳ. ಬಸಿಯುವಾಗ ತಣ್ಣೀರಿನ ನಲ್ಲಿಯನ್ನು ಬಿಟ್ಟಿರಬೇಕು. ಗಂಜಿ ದನಕ್ಕೆ ಹೋಗುವ ಮನೆಯಾದರೆ ಪಾತ್ರೆಗೇ ಬಸಿಯುತ್ತಾರೆ, ಆ ಸಿಂಕುಗಳಿಗೆ ಈ ಕಾಟ ಇಲ್ಲ. ಶಿರಸಿ ಕಡೆಯ ನನ್ನ ಅತ್ತೆಯ ಮನೆಯಲ್ಲಿ ಹಾಗೇ ನಡೆಯುತ್ತದೆ.

ಕಟ್ಟೆಗೂ ಇದೇ ನಿಯಮ. 3 ಮೀಟರ್ ಉದ್ದದ ಕಟ್ಟೆಯ ಬಿಸಿ 30 ಡಿಗ್ರಿಯಷ್ಟು ಏರಿದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ. ಗೋಡೆಯಿಂದ ಗೋಡೆಗೆ ಬಿಗಿಯಾಗಿ ತುರುಕಿದರೆ ಅದು ಹೋಗುವುದೆಲ್ಲಿಗೆ? ಆದ್ದರಿಂದ ಅಂಚಿನಲ್ಲಿ ಸಂದು ಬಿಟ್ಟು ಸಿಲಿಕೋನ್ ತುಂಬಬೇಕು. ಒಲೆಗೆ ಕೊರೆದ ಚೌಕದ ಮೂಲೆಗಳನ್ನು ಎಂದೂ ಚೂಪಾಗಿ ಬಿಡಬಾರದು, ದುಂಡಗೆ ಕೊಯ್ದು ನುಣ್ಣಗೆ ಉಜ್ಜಬೇಕು. ಬಿರುಕು ಹುಟ್ಟುವುದೇ ಚೂಪು ಮೂಲೆಯಲ್ಲಿ. ಕೆಳಗೆ ಇಡೀ ಪ್ಲೈವುಡ್ ಹಾಸಿದರೆ ಶಾಖ ಅಲ್ಲೇ ನಿಲ್ಲುತ್ತದೆ. ಮೇಲಾಗಿ ನಮ್ಮ ಮಳೆಗಾಲದಲ್ಲಿ ಪ್ಲೈವುಡ್ ಉಬ್ಬುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಸಿಲಿಕೋನ್ ಬೊಟ್ಟು ಇಟ್ಟು ಕೂರಿಸುವುದು ಲೇಸು.

ಗೀರು ಮತ್ತು ಕಲೆ

ಗೀರು ಬೀಳುತ್ತದೆ, ಅದನ್ನು ಗಿರಾಕಿಗೆ ಮೊದಲೇ ಹೇಳಿಬಿಡಬೇಕು. ಗ್ರಾನೈಟಿನಷ್ಟು ಗಟ್ಟಿ ಇದಲ್ಲ. ಕಪ್ಪು, ಕಡುನೀಲಿ ಬಣ್ಣಗಳಲ್ಲಿ ತೆಂಗಿನಕಾಯಿ ತುರಿಯುವ ಮಣೆಯ ಕಾಲು ಎಳೆದ ಗುರುತೂ ಬಿಳಿಯಾಗಿ ಕಾಣುತ್ತದೆ. ಅಡುಗೆಮನೆಗೆ ತಿಳಿಬಣ್ಣ, ಮಂದ ಹೊಳಪು ಇರಲಿ. ಗೀರು ತೆಗೆಯುವಾಗ 320ರ ಉಪ್ಪುಕಾಗದದಿಂದ ಆರಂಭಿಸಿ 400, 600, 800 ಎಂದು ಮೇಲೆ ಹೋಗಬೇಕು (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು). ಗೀರಿನ ಮೇಲಷ್ಟೇ ಉಜ್ಜಿದರೆ ತಗ್ಗು ಬೀಳುತ್ತದೆ, ಸುತ್ತ ಒಂದಡಿ ಹರಡಿ ಉಜ್ಜಬೇಕು.

ಅರಿಶಿನದ ಕಲೆ ಮೈಯೊಳಗೆ ಇಳಿಯುವುದಿಲ್ಲ, ಸಣ್ಣ ಗೀರುಗಳಲ್ಲಿ ಕೂರುತ್ತದೆ. ಸೋಪು ಮತ್ತು ಒರಟು ಸ್ಪಂಜು ಸಾಕು. ಬಿಸಿಲು ಬೀಳುವ ಕಿಟಕಿಯ ಪಕ್ಕವಾದರೆ ಉಳಿದ ಹಳದಿ ತಾನಾಗಿ ಮಾಸುತ್ತದೆ. ಮುರುಗಲು, ಚಹಾದ ಕಲೆಗೆ ನೀರು ಬೆರೆಸಿದ ಬ್ಲೀಚ್ ಹಾಕಿ ಕಾಲು ಗಂಟೆ ಬಿಟ್ಟು ತೊಳೆಯಬೇಕು. ಹಲಸಿನ ಮೇಣಕ್ಕೆ ತೆಂಗಿನೆಣ್ಣೆಯೇ ಮದ್ದು. ಪೇಂಟ್ ತೆಗೆಯುವ ದ್ರಾವಣ ಮತ್ತು ಅಸಿಟೋನ್ ಹತ್ತಿರವೂ ಸುಳಿಯಬಾರದು.

ಮಾರುಕಟ್ಟೆ

ಮೊದಲ ಎದುರಾಳಿ ಗ್ರಾನೈಟ್. ಕರ್ನಾಟಕದಲ್ಲಿ ಅದು ಮನೆಯ ಕಲ್ಲು: ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು. ಕಲ್ಲು ಕೊಯ್ದು ಕೂರಿಸುವವರು ಪ್ರತಿ ಪೇಟೆಯಲ್ಲೂ ಸಿಗುತ್ತಾರೆ. ಸಾಲಿಡ್ ಸರ್ಫೇಸ್ ಶೀಟ್ ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಬರಬೇಕು. ಅದೂ ಸುಮಾರು 12 ಅಡಿ ಉದ್ದ, ಎರಡೂವರೆ ಅಡಿ ಅಗಲದ ಇಡೀ ಶೀಟ್. ಅರ್ಧ ಸಾಕು ಎಂದರೂ ಪೂರ್ತಿಯ ಹಣ ಕೊಡಬೇಕು. ಅಂಟಿಗೆ ಅವಧಿ ಇದೆ, ತಿಂಗಳಿಗೊಂದು ಕೆಲಸ ಮಾಡುವವರ ಬಳಿ ಅದು ಕಪಾಟಿನಲ್ಲೇ ಕೆಡುತ್ತದೆ. ತಯಾರಕರು ಕೊಡುವ 10 ವರ್ಷದ ವಾರಂಟಿ ತರಬೇತಾದವರು ಕೂರಿಸಿದರೆ ಮಾತ್ರ ನಿಲ್ಲುತ್ತದೆ. ತರಬೇತಾದವರು ಇಲ್ಲದ ಊರಿನಲ್ಲಿ ಆ ಕಾಗದಕ್ಕೆ ಬೆಲೆ ಇಲ್ಲ.

ಎರಡನೆಯದು ನಂಬಿಕೆಯ ಪ್ರಶ್ನೆ. ಪಾಲಿಯೆಸ್ಟರ್ ರಾಳದ ಅಗ್ಗದ ಶೀಟನ್ನೂ ‘ಕೋರಿಯನ್’ ಎಂದೇ ಮಾರುತ್ತಾರೆ. ಅದು ಬೇಗ ಹಳದಿಯಾಗುತ್ತದೆ, ಬೇಗ ಒಡೆಯುತ್ತದೆ. ಗಿರಾಕಿ ಬೈಯುವುದು ಇಡೀ ವಸ್ತುವನ್ನು. ಪತ್ತೆ ಮಾಡುವ ದಾರಿ ಹೀಗಿದೆ: ಒಂದು ಬೆರಳಗಲದ ತುಂಡನ್ನು ಹೀಟ್ ಗನ್ನಿನಿಂದ ಕಾಯಿಸಿ ಬಗ್ಗಿಸಿ. ಅಕ್ರಿಲಿಕ್ ಆದರೆ ಚರ್ಮದ ಪಟ್ಟಿಯಂತೆ ಬಾಗುತ್ತದೆ, ಪಾಲಿಯೆಸ್ಟರ್ ಟಕ್ಕನೆ ಮುರಿಯುತ್ತದೆ. ಕೊಯ್ಯುವಾಗಿನ ವಾಸನೆಯೂ ಹೇಳುತ್ತದೆ. ಕಾರವಾರದ ಬೈತಖೋಲ ಬಂದರಿನಲ್ಲಿ ಫೈಬರ್ ದೋಣಿಗೆ ತೇಪೆ ಹಾಕುವಾಗ ಮೂಗಿಗೆ ಹೊಡೆಯುವ ಸ್ಟೈರೀನ್ ವಾಸನೆ ಬಂದರೆ ಅದು ಪಾಲಿಯೆಸ್ಟರ್.

ಕ್ವಾರ್ಟ್ಸ್ ಸ್ಲ್ಯಾಬ್, ಅಂದರೆ ಬೆಣಚುಕಲ್ಲಿನ ಪುಡಿಯನ್ನು ರಾಳದಿಂದ ಬೆಸೆದ ಕೃತಕ ಕಲ್ಲು, ಇನ್ನೊಂದು ಸ್ಪರ್ಧಿ. ಗೀರಿಗೆ ಅದು ಜಗ್ಗುವುದಿಲ್ಲ, ಒಪ್ಪುತ್ತೇನೆ. ಆದರೆ ಅದನ್ನು ಒಣಗಾಗಿ ಕೊಯ್ದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ತಿನ್ನುತ್ತದೆ. ಕೆಲಸಗಾರರಲ್ಲಿ ಸಿಲಿಕೋಸಿಸ್ ಹೆಚ್ಚಿದ್ದರಿಂದಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕೃತಕ ಕಲ್ಲನ್ನು ನಿಷೇಧಿಸಿತು. ಸಾಲಿಡ್ ಸರ್ಫೇಸ್‌ನ ಮುಖ್ಯ ಪುಡಿ ಸಿಲಿಕಾ ಅಲ್ಲ. ಹಾಗೆಂದು ಮಾಸ್ಕ್ ಬಿಡುವಂತಿಲ್ಲ, ಧೂಳು ಧೂಳೇ. ಈ ಕಸುಬಿಗೆ ಬರುತ್ತಿರುವ ಹುಡುಗರು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಗ್ರೈಂಡರ್ ಹಿಡಿಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ದಯವಿಟ್ಟು ಸರಿಯಾದ ಮಾಸ್ಕ್ ಹಾಕಿ.

ನನ್ನ ಅಭಿಪ್ರಾಯ ಇಷ್ಟು: ನಮ್ಮ ಕಡೆ ಒಲೆಯ ಅಕ್ಕಪಕ್ಕ ಗ್ರಾನೈಟ್ ಇರಲಿ, ಬಸಿಯಲು ಸ್ಟೀಲ್ ಸಿಂಕ್ ಇರಲಿ. ಕಡಲಿಗೆ ತೀರಾ ಹತ್ತಿರವಾದರೆ ಉಪ್ಪುಗಾಳಿ ತಡೆಯುವ 316 ದರ್ಜೆಯ ಸ್ಟೀಲ್ ಒಳ್ಳೆಯದು. ಊಟದ ಕೋಣೆಯ ಕೈತೊಳೆಯುವ ಬೇಸಿನ್, ದೇವರ ಮಂಟಪ, ದವಾಖಾನೆಯ ಮೇಜು, ಗೋಕರ್ಣದ ಹೋಮ್‌ಸ್ಟೇಗಳ ಸ್ನಾನದ ಮನೆ, ಇವು ಸಾಲಿಡ್ ಸರ್ಫೇಸ್‌ಗೆ ಹೇಳಿ ಮಾಡಿಸಿದ ಜಾಗಗಳು.

ಕುಮಟಾದ ಸಿಂಕನ್ನು ನಾವು ಸರಿಮಾಡಿದೆವು. ಬಿರುಕು ಇರುವಷ್ಟು ಭಾಗವನ್ನು ದುಂಡಗೆ ಕೊಯ್ದು ತೆಗೆದು, ಹೊಸ ತುಂಡು ಬೆಸೆಯಬೇಕಿತ್ತು. ಕೂರಿಸಿದವರು ಉಳಿದ ತುಂಡನ್ನು ಮನೆಯಲ್ಲಿ ಬಿಟ್ಟಿರಲಿಲ್ಲ. ಬೇರೆ ಬ್ಯಾಚಿನ ಬಿಳಿ ತಂದೆವು, ಅದು ಒಂದು ಎಳೆ ಹಾಲುಬಣ್ಣಕ್ಕೆ ತಿರುಗಿತ್ತು. ಮಳೆಯ ತೇವಕ್ಕೆ ಅಂಟು ಹಿಡಿಯುವುದಿಲ್ಲವೆಂದು ಕೂದಲು ಒಣಗಿಸುವ ಯಂತ್ರದಿಂದ ಅರ್ಧ ಗಂಟೆ ಒಣಗಿಸಿ ಬೆಸೆದೆವು. ಸೋರುವುದು ನಿಂತಿತು. ಬಗ್ಗಿ ನೋಡಿದರೆ ಬಣ್ಣದ ವ್ಯತ್ಯಾಸ ಈಗಲೂ ಕಾಣುತ್ತದೆ. ಅಂದಿನಿಂದ ಪ್ರತಿ ಮನೆಯಲ್ಲೂ ಒಂದಡಿ ಉದ್ದದ ತುಂಡನ್ನು ಸಿಂಕಿನ ಕೆಳಗಿನ ಕಪಾಟಿನಲ್ಲಿ ಬಿಟ್ಟು ಬರುತ್ತೇವೆ. ಅದರ ಬೆನ್ನ ಮೇಲೆ ತಯಾರಕರ ಹೆಸರು, ಬಣ್ಣದ ಸಂಖ್ಯೆ, ಬ್ಯಾಚಿನ ಸಂಖ್ಯೆ, ಕೂರಿಸಿದ ದಿನಾಂಕವನ್ನು ಮಾರ್ಕರ್‌ನಲ್ಲಿ ಬರೆಯುವುದು ನನ್ನ ಕೆಲಸ.