ಲಕ್ವ ಹೊಡೆದವರ ಜೊತೆ ಫಿಸಿಯೋಥೆರಪಿಸ್ಟ್ ಮಾಡುವ ಕೆಲಸ: ಬಿಪಿಟಿ (ಫಿಸಿಯೋಥೆರಪಿ ಪದವಿ) ಓದುವ ಗೆಳೆಯರಿಗೆ ಟಿಪ್ಪಣಿ

‘ಆರೋಗ್ಯ ಸೇವೆಯಲ್ಲಿ ಫಿಸಿಯೋಥೆರಪಿಸ್ಟ್ ಪಾತ್ರ’ ಅಂತ ಪ್ರಶ್ನೆ ಬಂದರೆ ಮೂಳೆ, ನರ, ಹೃದಯ, ಮಕ್ಕಳು, ಕ್ರೀಡೆ ಅಂತ ಪಟ್ಟಿ ಬರೆದು ಎದ್ದು ಬರುವವರೇ ಜಾಸ್ತಿ. ಅಂಕ ಬರುತ್ತದೆ, ಕೆಲಸ ಗೊತ್ತಾಗುವುದಿಲ್ಲ. ಅದಕ್ಕೇ ಇಲ್ಲಿ ಒಬ್ಬರೇ ರೋಗಿಯನ್ನು ಇಟ್ಟುಕೊಂಡು ನೋಡೋಣ.

58 ವರ್ಷದ, ಹೂ ಕಟ್ಟಿ ಮಾರುವ ಒಬ್ಬ ಅಮ್ಮ ಅಂದುಕೊಳ್ಳಿ. ಮಿದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡು ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತೂ ಸರಿಯಾಗಿ ಹೊರಡುತ್ತಿಲ್ಲ. ಕಾಯಿಲೆ ಏನು, ಎಲ್ಲಿ ಅನ್ನುವುದನ್ನು ಡಾಕ್ಟರು ಸ್ಕ್ಯಾನ್ ನೋಡಿ ಹೇಳಿಯಾಗಿದೆ. ಈಗ ಇವರಿಗೆ ಏನೇನು ಮಾಡಲು ಆಗುತ್ತಿಲ್ಲ, ಯಾಕೆ ಆಗುತ್ತಿಲ್ಲ ಅಂತ ಕಂಡುಹಿಡಿಯುವುದು ನಮ್ಮ ಪಾಲು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ಐಸಿಎಫ್ (ಆರೋಗ್ಯ, ಅಸಾಮರ್ಥ್ಯಗಳನ್ನು ವಿಂಗಡಿಸಿ ನೋಡುವ ಚೌಕಟ್ಟು) ಇದನ್ನು ಮೂರು ಮಟ್ಟದಲ್ಲಿ ನೋಡುತ್ತದೆ. ಕಾಲಿಗೆ ಬಲವಿಲ್ಲ, ಅದು ದೇಹದ ಮಟ್ಟ. ಮಂಚದಿಂದ ಎದ್ದು ನಿಲ್ಲಲು ಆಗುತ್ತಿಲ್ಲ, ಅದು ಚಟುವಟಿಕೆ. ವ್ಯಾಪಾರಕ್ಕೆ ಹೋಗಲು ಆಗುತ್ತಿಲ್ಲ, ಅದು ಪಾಲ್ಗೊಳ್ಳುವಿಕೆ. ಮೂರನೆಯದನ್ನು ಮೊದಲು ಕೇಳಿ ಅನ್ನುವುದು ನನ್ನ ಸಲಹೆ.

ಸ್ನಾಯುಬಲಕ್ಕೆ 0ಯಿಂದ 5ರವರೆಗಿನ ಎಂಆರ್‌ಸಿ ಗ್ರೇಡ್ (ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಹೆಸರಿನ ಅಳತೆ) ಎಲ್ಲರಿಗೂ ಬಾಯಿಪಾಠ. 3 ಅಂದರೆ ಗುರುತ್ವಕ್ಕೆ ಎದುರಾಗಿ ಎತ್ತಬಲ್ಲರು ಅಂತ. ಆದರೆ ಲಕ್ವದಲ್ಲಿ ಈ ಅಂಕಿಯನ್ನಷ್ಟೇ ನಂಬಬೇಡಿ. ಕಾಲೆತ್ತಿ ಅಂದರೆ ಸೊಂಟ, ಮಂಡಿ, ಪಾದ ಮೂರೂ ಒಟ್ಟಿಗೇ ಮಡಚಿಕೊಂಡು ಮೇಲೆ ಬರಬಹುದು. ಮಂಡಿ ನೇರ ಇಟ್ಟು ಪಾದವೊಂದನ್ನೇ ಎತ್ತಿ ಅಂದರೆ ಆಗುವುದಿಲ್ಲ. ನಡೆಯುವಾಗ ಬೇಕಾಗುವುದು ಹೀಗೆ ಬಿಡಿಬಿಡಿಯಾಗಿ ಅಲುಗಿಸುವ ಶಕ್ತಿಯೇ. ಇನ್ನೊಂದು ವಿಷಯ: ಅವರಿಗೆ ಮಾತು ಅರ್ಥವಾಗದೆಯೂ ಇರಬಹುದು. ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಮಾಡಿ ತೋರಿಸಿ.

ಇನ್ನು ಭುಜ. ಇದು ಹೆಚ್ಚು ಹೊತ್ತು ಬೇಡುವ ವಿಷಯ. ಮೊದಮೊದಲು ಕೈ ಸಡಿಲವಾಗಿ ಜೋತುಬಿದ್ದಿರುವಾಗ ತೋಳಿನ ಮೂಳೆ ತನ್ನ ಜಾಗದಿಂದ ಸ್ವಲ್ಪ ಕೆಳಗೆ ಜಾರುತ್ತದೆ. ಭುಜದ ತುದಿಯ ಕೆಳಗೆ ಬೆರಳಿಟ್ಟರೆ ಗುಳಿ ಸಿಗುತ್ತದೆ. ಮನೆಯವರು ಪ್ರೀತಿಯಿಂದಲೇ ಅದೇ ಕೈ ಹಿಡಿದೋ, ಕಂಕುಳಿಗೆ ಕೈ ಹಾಕಿಯೋ ಎಳೆದು ಕೂರಿಸುತ್ತಾರೆ. ಆಮೇಲೆ ಶುರುವಾಗುವ ಭುಜದ ನೋವು ತಿಂಗಳುಗಟ್ಟಲೆ ಬಿಡದು, ಕೈ ವ್ಯಾಯಾಮವನ್ನೂ ಕೆಡಿಸುತ್ತದೆ. ಹಾಗಾಗಿ ಮೊದಲ ಪಾಠ ಮನೆಯವರಿಗೆ: ಪಕ್ಕಕ್ಕೆ ಹೊರಳಿಸಿ, ಕಾಲು ಮಂಚದಿಂದ ಇಳಿಬಿಡಿ, ಒಂದು ಕೈ ಬೆನ್ನಿನ ಹಿಂದೆ ಭುಜದ ಹಲಗೆಯ ಮೇಲೆ, ಇನ್ನೊಂದು ಸೊಂಟದ ಮೇಲೆ ಇಟ್ಟು ಎಬ್ಬಿಸಿ. ಕೂತಾಗ ಕೈಗೆ ತಲೆದಿಂಬಿನ ಆಸರೆ ಕೊಡಿ. ಯಾವ ಯಂತ್ರವೂ ಬೇಕಿಲ್ಲ.

ಎದ್ದು ನಿಲ್ಲುವುದನ್ನು ಕಲಿಸುವಾಗ ಪಾದ ಮಂಡಿಗಿಂತ ಸ್ವಲ್ಪ ಹಿಂದಿರಲಿ, ಮೈ ಮುಂದಕ್ಕೆ ಬಾಗಲಿ. ಮೊದಲು ಎತ್ತರದ ಮಂಚ, ಬರಬರುತ್ತಾ ತಗ್ಗಿನ ಆಸನ. ನಮ್ಮ ಪುಸ್ತಕಗಳು ಹೆಚ್ಚಾಗಿ ಕುರ್ಚಿಗೇ ನಿಲ್ಲುತ್ತವೆ. ಈ ಅಮ್ಮ ನೆಲದ ಮೇಲೆ ಕೂತು ಹೂ ಕಟ್ಟುವವರು, ಮನೆಯಲ್ಲಿರುವುದು ಕುಕ್ಕರಗಾಲಲ್ಲಿ ಕೂರುವ ಕಕ್ಕಸು. ಹಾಗಾಗಿ ಕುರ್ಚಿಯಾದ ಮೇಲೆ ನೆಲದಿಂದ ಏಳುವುದನ್ನೂ ಕಲಿಸಬೇಕು. ಕೇಸ್ ಶೀಟಿನಲ್ಲಿ ಗುರಿ ಬರೆಯುವಾಗ ‘ನಡಿಗೆ ಸುಧಾರಣೆ’ ಅಂತ ಬರೆದರೆ ಯಾರಿಗೂ ಏನೂ ತಿಳಿಯದು. ‘ಎರಡು ವಾರದೊಳಗೆ ಕುರ್ಚಿಯಿಂದ ಕೈಯೂರದೆ ಐದು ಸಲ ಏಳುವುದು’ ಅಂತ ಬರೆಯಿರಿ. ಆಯಿತೋ ಇಲ್ಲವೋ ಅಳೆಯಬಹುದು.

ಬೇಗ ಶುರು ಮಾಡಬೇಕು ನಿಜ, ಆದರೆ ಅವಸರ ಬೇಡ. ಲಕ್ವ ಹೊಡೆದವರನ್ನು ಬೇಗ ಎಬ್ಬಿಸುವುದನ್ನು ಪರೀಕ್ಷಿಸಿದ 2015ರ ಅವರ್ಟ್ ಅಧ್ಯಯನದಲ್ಲಿ 2,104 ರೋಗಿಗಳಿದ್ದರು. 24 ಗಂಟೆಯೊಳಗೇ ಶುರುಮಾಡಿ ಜಾಸ್ತಿ ಎಬ್ಬಿಸಿ ಓಡಾಡಿಸಿದ ಗುಂಪಿನಲ್ಲಿ ಮೂರು ತಿಂಗಳ ನಂತರ ಚೇತರಿಕೆ ಎಂದಿನ ಆರೈಕೆಯ ಗುಂಪಿಗಿಂತ ಸ್ವಲ್ಪ ಕಮ್ಮಿಯೇ ಇತ್ತು. ಎಷ್ಟು ಹೊತ್ತು, ಎಷ್ಟು ಸಲ ಅನ್ನುವುದೂ ಔಷಧಿಯ ಡೋಸಿನಷ್ಟೇ ಮುಖ್ಯ ಅಲ್ವಾ? ಎಬ್ಬಿಸುವ ಮುಂಚೆ ಬಿಪಿ ನೋಡಿ. ಮೀನಖಂಡ ಊದಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ವ್ಯಾಯಾಮ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ನೀರು ಕುಡಿಯುವಾಗ ಕೆಮ್ಮಿದರೆ ಸ್ಪೀಚ್ ಥೆರಪಿಸ್ಟ್ ನೋಡಬೇಕು. ಉಡುವುದು, ಉಣ್ಣುವುದು ಆಕ್ಯುಪೇಷನಲ್ ಥೆರಪಿಸ್ಟ್ ಕೆಲಸ. ಅವರಿಲ್ಲದ ಆಸ್ಪತ್ರೆಗಳಲ್ಲಿ ಅದೂ ಎಷ್ಟೋ ಸಲ ನಮ್ಮ ಪಾಲಿಗೇ ಬರುತ್ತದೆ.

ಹಾಗಾದರೆ ಎಲ್ಲವನ್ನೂ ಮನೆಯವರಿಗೇ ಕಲಿಸಿ ಕಳಿಸಿಬಿಟ್ಟರೆ? ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಟೆಂಡ್ ಅಧ್ಯಯನ ಇದನ್ನೇ ಪರೀಕ್ಷಿಸಿತು. ಎಂದಿನ ಆರೈಕೆಯ ಜೊತೆಗೆ ಮನೆಯವರಿಗೆ ತರಬೇತಿಯನ್ನೂ ಕೊಟ್ಟ ಗುಂಪಿಗೂ, ಕೊಡದ ಗುಂಪಿಗೂ ಆರು ತಿಂಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮನೆಯವರಿಗೆ ಕಲಿಸುವುದೇ ದಂಡ ಅಂತ ನಾನು ಇದನ್ನು ಓದುವುದಿಲ್ಲ. ಭುಜ ಉಳಿಸಲು ಅವರು ಬೇಕೇ ಬೇಕು. ಆದರೆ ಯಾವ ವ್ಯಾಯಾಮವನ್ನು ಯಾವಾಗ ಬದಲಿಸಬೇಕು, ಯಾವುದನ್ನು ನಿಲ್ಲಿಸಬೇಕು ಅಂತ ಸೊಸೆಯೋ ಮಗನೋ ತೀರ್ಮಾನಿಸಲಾರರು. ಡಿಸ್ಚಾರ್ಜ್ ದಿನ ವ್ಯಾಯಾಮದ ಹಾಳೆಯ ಜೊತೆ ಮುಂದಿನ ಭೇಟಿಯ ತಾರೀಖನ್ನೂ ಬರೆದುಕೊಡಿ.